ಹೊಕ್ಕುಳ ಬಳ್ಳಿ ಕೊಯ್ದ ಕೈಗೆ ಕೂಲಿ ಎಷ್ಟು?



ಹಾಸ್ಟೆಲ್ಲಿನ ಅರ್ಜಿಯಲ್ಲಿ ತಂದೆತಾಯಿಯ ಕಸುಬು ಅಂತ ಕೇಳಿದರೆ ನಾವು 'ಕೂಲಿ' ಅಂತ ಬರೀತೀವಿ. ನಮ್ಮಲ್ಲಿ ಎಷ್ಟೋ ಜನರ ಅಜ್ಜಿ, ಅವ್ವ ಸೂಲಗಿತ್ತಿಯರು. ಆ ಮಾತನ್ನು ಬಾಯಿ ಬಿಟ್ಟು ಹೇಳೋದಿಲ್ಲ. ನಾಚಿಕೆ. ಈ ನಾಚಿಕೆ ಯಾರು ಕೊಟ್ಟದ್ದು?

ಕೆಲವು ಊರಲ್ಲಿ ಕ್ಷೌರಿಕರ ಮನೆಯ ಹೆಂಗಸರು, ಎಷ್ಟೋ ಊರಲ್ಲಿ ನಮ್ಮ ಕೇರಿಯವರು ಈ ಕೆಲಸ ಮಾಡಿದರು. ನಡುರಾತ್ರಿ ನೋವು ಎದ್ದರೆ ಗೌಡರ ಆಳು ಕಂದೀಲು ಹಿಡಿದು ಕೇರಿಗೆ ಓಡಿ ಬರುತ್ತಿದ್ದ. ಆ ಹೊತ್ತಿಗೆ ಹೊಸ್ತಿಲು ಅಡ್ಡ ಬರಲಿಲ್ಲ. ನಮ್ಮಜ್ಜಿ ಒಳಮನೆಗೇ ಹೋದಳು. ಬೆನ್ನು ನೀವಿದಳು, ಮಗು ತಿರುಗಿದೆಯೇ ಅಂತ ಹೊಟ್ಟೆ ಮುಟ್ಟಿ ನೋಡಿದಳು, ಹೊಕ್ಕುಳ ಬಳ್ಳಿ ಕೊಯ್ದಳು, ಬಾಣಂತಿಗೆ ನೀರು ಹಾಕಿದಳು. ಹನ್ನೊಂದನೇ ದಿನ ಪುರುಡು ಕಳೀತು. ಮನೆ ಸಾರಿಸಿದರು. ಮೊರದಲ್ಲಿ ಅಕ್ಕಿ, ಒಂದು ಹಳೇ ಸೀರೆ ಅಂಗಳದಲ್ಲೇ ಇಟ್ಟರು. ಆ ಕೂಸೇ ಬೆಳೆದು 'ದೂರ ನಿಲ್ಲು' ಅಂತು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಪುರುಡಿನ ಮನೆಯಲ್ಲಿ ಅದು ಹತ್ತು ದಿನ ತಾನಾಗೇ ರದ್ದಾಗುತ್ತಿತ್ತು. ಹನ್ನೊಂದನೇ ದಿನ ಮತ್ತೆ ಜಾರಿ!

ಬಾಣಂತಿಗೂ ಸೂಲಗಿತ್ತಿಗೂ ನಡುವೆ ನಂಬಿಕೆ ಇದ್ದದ್ದು ನಿಜ. ಆದರೆ ಯಜಮಾನ ಆ ನಂಬಿಕೆಗೆ ಕೂಲಿ ಕಟ್ಟಲಿಲ್ಲ. ಕೇಳಿದರೆ 'ಪುಣ್ಯದ ಕೆಲಸ' ಅಂದ. ಮಗು ಸತ್ತರೆ ಮಾತ್ರ ತಪ್ಪು ಅವಳದು.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಹಣ ಕೇಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಆ ತಾಯಿಗೆ ಶರಣು. ಆದರೆ ಪದಕ ಒಬ್ಬರಿಗೆ. ಹೆಸರೇ ಇಲ್ಲದೆ ಮಣ್ಣಾದ ಸಾವಿರಾರು ಅಜ್ಜಿಯರ ಬಾಕಿ ತೀರಿಸುವವರು ಯಾರು?

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಹೆರಿಗೆಗೆ ಆಸ್ಪತ್ರೆಗೆ ಹೋಗುವುದು ಹೆಚ್ಚಿತು. ಹೋಗಲೇಬೇಕು. ರಕ್ತ ನಿಲ್ಲದಿದ್ದಾಗ ಅಜ್ಜಿಯ ಕೈಯಲ್ಲಿ ಆಗದ್ದು ಅಲ್ಲಿ ಆಗುತ್ತದೆ. ಹಳೆಯ ಕತ್ತಲೆಯನ್ನು ನಾವು ಹಾಡಿ ಹೊಗಳುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫ್ ತರಬೇತಿಗೆ ಮಾರ್ಗಸೂಚಿ ಹೊರಡಿಸಿತು. ಅದು ನರ್ಸಿಂಗ್ ಓದಿದವರಿಗೆ. ಓದು ಕಾಣದ ಅಜ್ಜಿಗೆ ಅಲ್ಲಿ ಬಾಗಿಲಿಲ್ಲ. ಮೊಮ್ಮಗಳಿಗಾದರೂ ಇರಬೇಡವೇ? ಹಾಸ್ಟೆಲ್ಲಿನ ಅಕ್ಕತಂಗಿಯರೇ, ಆ ಸೀಟು ಕೇಳಿ. ಸಂಬಳದ ಕೆಲಸವಾಗಿ ಕೇಳಿ, ಪುಣ್ಯವಾಗಿ ಅಲ್ಲ.

ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಪಕ್ಕ ಕೂತು ಬರೆದುಕೊಳ್ಳಿ: ಎಷ್ಟು ಹೆರಿಗೆ, ಯಾರ ಯಾರ ಮನೆ, ಏನು ಕೊಟ್ಟರು, ಎಲ್ಲಿ ನಿಲ್ಲಿಸಿ ಕೊಟ್ಟರು. ಅದು ನಮ್ಮ ಚರಿತ್ರೆ. ಮುಂದಿನ ಅರ್ಜಿಯಲ್ಲಿ ಕಸುಬಿನ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆಯೋಣ: ಸೂಲಗಿತ್ತಿ.