ಶೈಕ್ಷಣಿಕ ಪ್ರವಾಸವು ಹೆತ್ತವರಿಗೆ ಬೇಡವೆ?

ಪ್ರತಿವರ್ಷವೂ ಮಳೆಗಾಲವು ಮುಗಿದು ಚಳಿಯು ಕಾಲಿಡುವ ಹೊತ್ತಿಗೆ ನಮ್ಮ ಶಾಲೆ ಕಾಲೇಜುಗಳಲ್ಲಿ ಶೈಕ್ಷಣಿಕ ಪ್ರವಾಸದ ಸಂಭ್ರಮವು ಆರಂಭವಾಗುತ್ತದೆ. ಫರಂಗಿಪೇಟೆಯ ನಡುವೆ ಹಾಯುವ ಹೆದ್ದಾರಿಯ ಬದಿಯಲ್ಲಿ ನಿಂತರೆ, ಹಾಡುತ್ತ ಕೂಗುತ್ತ ಶಿರಾಡಿ ಘಾಟಿಯತ್ತ ಸಾಗುವ ಬಸ್ಸುಗಳನ್ನು ಎಣಿಸಬಹುದು. ಅವುಗಳಲ್ಲಿ ವಿದ್ಯಾರ್ಥಿಗಳಿರುತ್ತಾರೆ, ಅಧ್ಯಾಪಕರಿರುತ್ತಾರೆ. ಬುತ್ತಿ ಕಟ್ಟಿ, ಹಣ ತೆತ್ತು, ಬಸ್ಸು ಕಣ್ಮರೆಯಾಗುವವರೆಗೆ ಕೈಬೀಸಿದವರು ಮಾತ್ರ ಮನೆಗೆ ಹಿಂದಿರುಗುತ್ತಾರೆ. ಹೆತ್ತವರ ಶಿಕ್ಷಣವು ಎಂದೋ ಮುಗಿದುಹೋಗಿದೆಯೆಂಬ ಈ ಭಾವನೆಯನ್ನು ನಾವು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಎರಡು ದಿನಗಳ ಮಟ್ಟಿಗೆ ತಂದೆಯೋ ತಾಯಿಯೋ, ಮಕ್ಕಳನ್ನು ಮನೆಯಲ್ಲಿಯೇ ಬಿಟ್ಟು, ಒಂಟಿಯಾಗಿ ಒಂದು ದೊಡ್ಡ ನಗರವನ್ನು ನೋಡಿ ಬರಬೇಕೆಂಬುದು ನಮ್ಮ ಅಭಿಪ್ರಾಯ. ಈ ಮಾತನ್ನು ಹೆತ್ತವರಿಗೆ ಹೇಳದೆ ವಿದ್ಯಾರ್ಥಿಗಳ ಮುಂದೆ ಇಡುವುದಕ್ಕೆ ಕಾರಣವುಂಟು. ಅವರನ್ನು ತಡೆಯುವವರು ಬಹುಮಟ್ಟಿಗೆ ನೀವೇ.

ನಾವು ಇತ್ತೀಚೆಗೆ ಅಂತಹ ಒಂದು ಪ್ರವಾಸವನ್ನು ಮಾಡಿ ಬಂದೆವು. (‘ನಾವು’ ಎಂದು ಬರೆಯುವುದು ಲೇಖನದ ರೂಢಿ, ಹೋದದ್ದು ಒಬ್ಬರೇ, ಇಬ್ಬರು ಮಕ್ಕಳ ತಾಯಿ.) ಬೆಂಗಳೂರಿಗೆ ಹೊರಡುವ ಮಾತನ್ನು ಎತ್ತಿದೊಡನೆ ಮನೆಯಲ್ಲಿ ಎದ್ದ ಪ್ರಶ್ನೆ ಒಂದೇ: “ಅಮ್ಮ, ಒಬ್ಬಳೇ ಹೋಗಿ ನೀನು ಎಂತ ಮಾಡುವುದು?” ಮದುವೆಗೆ ಹೋಗುವುದಾಗಿದ್ದರೆ, ಆಸ್ಪತ್ರೆಗೆ ಹೋಗುವುದಾಗಿದ್ದರೆ, ಮಗನನ್ನು ಹಾಸ್ಟೆಲಿಗೆ ಸೇರಿಸುವುದಕ್ಕೆ ಹೋಗುವುದಾಗಿದ್ದರೆ ಈ ಪ್ರಶ್ನೆಯು ಏಳುತ್ತಿರಲಿಲ್ಲ. ನೋಡುವುದಕ್ಕಾಗಿಯೇ ಹೋಗುವುದು ನಲವತ್ತೈದು ದಾಟಿದವರಿಗೆ ಸಲ್ಲದ ಕೆಲಸವೆಂದು ಮಕ್ಕಳು ಎಲ್ಲಿಂದಲೋ ಕಲಿತಿದ್ದಾರೆ. ಕಲಿಸಿದವರು ನಾವೇ ಇರಬೇಕು.

ಬೆಂಗಳೂರು ನಮಗೆ ಹೊಸತಲ್ಲ. ಏಳು ವರ್ಷಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. 1962ರಲ್ಲಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದ ಆ ಕಟ್ಟಡದಲ್ಲಿ, 1965ರಲ್ಲಿ ಮೊದಲು ತೆರೆದದ್ದು ವಿದ್ಯುತ್ತಿನ ವಿಭಾಗ. ಅಂದು ನಾವು ಅಲ್ಲಿ ಕಂಡದ್ದೇನು? ಎರಡು ತಲೆಗಳನ್ನು. ಜನಸಂದಣಿಯಲ್ಲಿ ಅವು ತಪ್ಪಿಹೋಗದಂತೆ ಎಣಿಸುತ್ತಿದ್ದುದು, ನೀರಿನ ಬಾಟಲಿಯನ್ನೂ ಚೀಲವನ್ನೂ ಹೊತ್ತು ನಿಂತದ್ದು, ಶೌಚಾಲಯದ ದಾರಿಯನ್ನು ವಿಚಾರಿಸಿದ್ದು, ಇಷ್ಟೇ ನೆನಪು. ಮಕ್ಕಳು ಮರಳಿ ಬಂದು ಪ್ರಬಂಧವನ್ನು ಬರೆದರು, ಬಹುಮಾನವೂ ಬಂದಿತು. ಒಂದು ಕಾಲದಲ್ಲಿ ನಾವೂ ಕಾಲೇಜಿನ ಪ್ರಯೋಗಶಾಲೆಯಲ್ಲಿ ಉಷ್ಣಮಾಪಕವನ್ನು ಹಿಡಿದವರೇ. ಮದುವೆಯಾದ ಮೇಲೆ ನಮ್ಮ ಕೈಗೆ ಬಂದ ಉಷ್ಣಮಾಪಕವು ಮಕ್ಕಳ ಜ್ವರವನ್ನು ನೋಡುವಂಥದು ಮಾತ್ರ.

ಈ ಸಲ ಹೊರಡುವಾಗ ನಮ್ಮದೇ ಆದ ಒಂದು ಪ್ರಶ್ನೆಯನ್ನು ಜೊತೆಗೆ ಒಯ್ದಿದ್ದೆವು. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ತಂಗಿಯು ಊರಿನ ಕುಚ್ಚಲಕ್ಕಿಯು ಅಲ್ಲಿ ಬೇಗನೆ ಬೇಯುವುದಿಲ್ಲವೆಂದು ಹೇಳುತ್ತ ಬಂದಿದ್ದಾಳೆ. ಕುಕ್ಕರಿನಲ್ಲಿ ಬೇಯಿಸಿದರೆ ಗಂಜಿಗೆ ರುಚಿಯಿರುವುದಿಲ್ಲವೆಂದು ಅವಳ ಹಟ. ಅಕ್ಕಿ ಹಳೆಯದೆಂದು ನಾವು, ಅಲ್ಲಿಯ ನೀರೇ ಸರಿಯಿಲ್ಲವೆಂದು ಅವಳು, ಹೀಗೆಯೇ ಹತ್ತು ವರ್ಷಗಳು ಕಳೆದುವು. ಮಗಳ ಭೌತಶಾಸ್ತ್ರದ ಪುಸ್ತಕದಲ್ಲಿ ಉತ್ತರವು ಇದ್ದಿತು, ನಿಜ. ಆದರೆ ಪುಸ್ತಕದಲ್ಲಿರುವುದು ನಮ್ಮ ಒಲೆಯ ಮೇಲಿನ ಪಾತ್ರೆಗೂ ಅನ್ವಯಿಸುವುದೆಂದು ನಂಬುವುದು ಬೇರೆ, ನೋಡುವುದು ಬೇರೆ. ಪ್ರಯೋಗಶಾಲೆಗಳಲ್ಲಿ ಬಳಸುವ ಗಾಜಿನ ಉಷ್ಣಮಾಪಕವೊಂದನ್ನು ಕೊಂಡು, ಸೀರೆಗಳ ನಡುವೆ ಸುತ್ತಿಟ್ಟು, ಶುಕ್ರವಾರ ರಾತ್ರಿಯ ರೈಲನ್ನು ಏರಿದೆವು. ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗಿನ ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ. ರೈಲು 50 ಅಡಿ ಮುಂದೆ ಸರಿದರೆ ಒಂದು ಅಡಿ ಮೇಲೇರುತ್ತದೆ. ರಾತ್ರಿಯ ಪ್ರಯಾಣಿಕರಿಗೆ ಬಯಲೂ ಸುರಂಗವೂ ಒಂದೇ. ಹಗಲಿನ ರೈಲನ್ನು ಹಿಡಿಯಬೇಕಾಗಿತ್ತೆಂದು ಈಗ ಅನಿಸುತ್ತದೆ.

ಶನಿವಾರ ಬೆಳಿಗ್ಗೆ ವಸತಿಗೃಹದ ಕೋಣೆಯಲ್ಲಿ ನೀರನ್ನು ಕುದಿಯಲಿಟ್ಟೆವು. ಚೆನ್ನಾಗಿ ಕುದಿಯತೊಡಗಿದ ಮೇಲೆ ಉಷ್ಣಮಾಪಕದ ದಾರವು 97 ಅಂಶಗಳ ಬಳಿಗೆ ಬಂದು ನಿಂತಿತು. ಮತ್ತೆ ಇಟ್ಟೆವು, ಮತ್ತೆ ಅಷ್ಟೇ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ವಾಯುವಿನ ಒತ್ತಡವು ನಮ್ಮ ನೇತ್ರಾವತಿಯ ದಡದಲ್ಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು. ಮೇಲಿನಿಂದ ಅದುಮುವ ಗಾಳಿಯ ಭಾರವು ಕಡಮೆಯಾದಂತೆ ನೀರು ಬೇಗನೆ ಆವಿಯಾಗಲು ಸಿದ್ಧವಾಗುತ್ತದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಉಷ್ಣಮಾನವು ಒಂದು ಅಂಶದಷ್ಟು ಇಳಿಯುತ್ತದೆ. ಕುದಿಯುವ ನೀರಿಗೆ ಎಷ್ಟೇ ಸೌದೆ ಹಾಕಿದರೂ ಅದು ಬೇಗನೆ ಆರುವುದೇ ಹೊರತು ಇನ್ನಷ್ಟು ಬಿಸಿಯಾಗುವುದಿಲ್ಲ. ಮೂರು ಅಂಶ ತಣ್ಣಗಿರುವ ನೀರಿನಲ್ಲಿ ಬೇಯಬೇಕಾದ ಕುಚ್ಚಲಕ್ಕಿಯು ಹೆಚ್ಚು ಹೊತ್ತು ತೆಗೆದುಕೊಂಡರೆ ತಪ್ಪು ಅಕ್ಕಿಯದೂ ಅಲ್ಲ, ನೀರಿನದೂ ಅಲ್ಲ. ಇದು ಯಾವ ಹೊಸ ಸಂಶೋಧನೆಯೂ ಅಲ್ಲವೆಂಬುದನ್ನು ಬಲ್ಲೆವು. ಆದರೂ ಆ ಕೋಣೆಯಲ್ಲಿ ನಮಗಾದ ಹರ್ಷವನ್ನು ಹೇಳಿಕೊಳ್ಳುವುದಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಮಕ್ಕಳು ಇದ್ದಿದ್ದರೆ ಅವರಿಗೆ ಪಾಠ ಹೇಳುವ ಗಡಿಬಿಡಿಯಲ್ಲಿ ಆ ಹರ್ಷವೇ ಆಗುತ್ತಿರಲಿಲ್ಲ.

ಅದೇ ಸ್ನಾನಗೃಹದಲ್ಲಿ ನೀರನ್ನು ಮಿತವಾಗಿ ಬಳಸಿರೆಂಬ ಫಲಕವಿದ್ದಿತು. ನೇತ್ರಾವತಿಯ ಪಕ್ಕದವರಾದ ನಮಗೆ ಇಂತಹ ಫಲಕಗಳನ್ನು ಕಂಡರೆ ನಗು. ಮಂಗಳೂರು ನಗರಕ್ಕೆ ನೀರು ಹೋಗುವುದೇ ನಮ್ಮ ಮಗ್ಗುಲಿನ ತುಂಬೆಯ ಅಣೆಕಟ್ಟಿನಿಂದ. ಆದರೆ ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿಯ ನೀರನ್ನು 1974ರಿಂದ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಮೂಲಕ ಸುಮಾರು 500 ಮೀಟರ್ ಮೇಲಕ್ಕೆತ್ತಿ ತರಲಾಗುತ್ತಿದೆ. ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. 15 ಲೀಟರಿನ ಒಂದು ಬಕೆಟ್ಟು ನೀರನ್ನು 500 ಮೀಟರ್ ಎತ್ತುವುದಕ್ಕೆ ಬೇಕಾದ ಶಕ್ತಿಯು 73,500 ಜೂಲು. 10 ವಾಟಿನ ದೀಪವೊಂದನ್ನು ಎರಡು ಗಂಟೆಗಳ ಕಾಲ ಉರಿಸಲು ಅಷ್ಟು ಸಾಕು. ಪಂಪಿನಲ್ಲಿಯೂ ಕೊಳವೆಯಲ್ಲಿಯೂ ವ್ಯರ್ಥವಾಗುವುದು ಬೇರೆ. ಎರಡನೆಯ ಬಕೆಟ್ಟನ್ನು ನಾವು ತುಂಬಿಸಲಿಲ್ಲ.

ವಸ್ತುಸಂಗ್ರಹಾಲಯದಲ್ಲಿ ರೈಟ್ ಸೋದರರ ವಿಮಾನದ ಪೂರ್ಣಪ್ರಮಾಣದ ಪ್ರತಿಕೃತಿಯೊಂದಿದೆ. ಅದರ ಮುಂದೆ ಅರ್ಧ ಗಂಟೆ ನಿಂತೆವು, ಸೆರಗನ್ನು ಎಳೆಯುವವರಿರಲಿಲ್ಲ. 1903ರ ಡಿಸೆಂಬರ್ 17ರಂದು ಅದು ಮೊದಲು ಹಾರಿದ್ದು 12 ಸೆಕೆಂಡು, 120 ಅಡಿ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೇ ಸುಮಾರು 40 ಅಡಿ! ತನ್ನ ಅಗಲದ ಮೂರು ಪಟ್ಟು ದೂರವನ್ನು ಹಾರಿದ ಯಂತ್ರವನ್ನು ಜಗತ್ತು ಇಂದಿಗೂ ನೆನೆಯುತ್ತಿದೆ. ಸಾಲಿನಲ್ಲಿ ನಮ್ಮ ಹಿಂದಿದ್ದ ಒಬ್ಬರು, “ಮಕ್ಕಳು ಎಲ್ಲಿದ್ದಾರೆ?” ಎಂದು ಕೇಳಿದರು. “ಮನೆಯಲ್ಲಿದ್ದಾರೆ” ಎಂದಾಗ ಅವರ ಮುಖದಲ್ಲಿ ಮೂಡಿದ ಅನುಮಾನವನ್ನು ಮರೆಯಲಾಗದು.

ಎಲ್ಲವೂ ಸುಖವಾಗಿಯೇ ಇದ್ದಿತೆಂದರೆ ಸುಳ್ಳಾದೀತು. ಶನಿವಾರ ಸಂಜೆ ನಾಲ್ಕರ ಹೊತ್ತಿಗೆ ಕಾಲು ಸೋತು, ಹೋಟೆಲಿನ ಮೂಲೆಯೊಂದರಲ್ಲಿ ಕುಳಿತಾಗ, ಮನೆಯವರು ಏನು ತಿಂದರೋ ಎಂಬ ಚಿಂತೆಯು ಹತ್ತಿಕೊಂಡಿತು. ತಂಗಿಯ ಮನೆಗೆ ಹೋಗಿಬಿಡೋಣವೆಂದು ಎದ್ದವರು ಮತ್ತೆ ಕುಳಿತೆವು. ಹೋದರೆ ಪ್ರವಾಸವು ಅಲ್ಲಿಗೆ ಮುಗಿದು ನೆಂಟಸ್ತಿಕೆಯು ಆರಂಭವಾಗುತ್ತಿತ್ತು. (ಹೋಗದಿದ್ದುದಕ್ಕೆ ಅವಳು ಇನ್ನೂ ಮುನಿದಿದ್ದಾಳೆ.) ಒಂಟಿ ಹೆಂಗಸಿಗೆ ಅಪರಿಚಿತ ನಗರದಲ್ಲಿ ಅಪಾಯವಿಲ್ಲವೆಂದೂ ನಾವು ಹೇಳುವುದಿಲ್ಲ. ಕೋಣೆಯನ್ನು ಮೊದಲೇ ಗೊತ್ತುಮಾಡಿ, ಕತ್ತಲಾಗುವ ಮುನ್ನ ಹಿಂದಿರುಗಿ, ದಿನಕ್ಕೆರಡು ಸಲ ಮನೆಗೆ ಫೋನು ಮಾಡಿದೆವು. ಖರ್ಚಿನ ಮಾತಾದರೆ, ನಮಗೆ ತಗಲಿದ್ದು ಮದುವೆಗೆ ಉಡುವ ಒಂದು ಸಾಧಾರಣ ರೇಷ್ಮೆ ಸೀರೆಯ ಬೆಲೆಗಿಂತ ಕಡಮೆ. ಅಷ್ಟೂ ಕೂಡದವರಿಗೆ ಮಂಗಳೂರಿನ ಪಿಲಿಕುಳವಿದೆ. ಅಲ್ಲಿ 2018ರಲ್ಲಿ ಆರಂಭವಾದ ತಾರಾಲಯವಿದೆ.

ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯನ್ನು ಹತ್ತಿದೆವು. ಹೂವಿನ ಪ್ರದರ್ಶನಕ್ಕೆ ಬರುವವರು ಈ ಬಂಡೆಯನ್ನು ಕುಳಿತುಕೊಳ್ಳುವ ಜಗಲಿಯೆಂದು ತಿಳಿಯುತ್ತಾರೆ. ಇದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು 1916ರಲ್ಲಿ ಈ ಜಾತಿಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಕಪ್ಪು ಬಿಳುಪಿನ ಪಟ್ಟೆಗಳ ಮೇಲೆ ಬೆರಳಾಡಿಸುತ್ತ ಕುಳಿತಾಗ ನೆನಪಾದದ್ದು ನಮ್ಮ ಮನೆಯ ಗೋಡೆ, ಅದರ ಕೆಂಪು ಮುರಕಲ್ಲು. ಕರಾವಳಿಯ ಮುರಕಲ್ಲಿನ ಅಡಿಯಲ್ಲಿಯೂ ಬಹಳ ಕಡೆ ಇಂಥದೇ ಶಿಲೆಯುಂಟು. ಲಕ್ಷಾಂತರ ವರ್ಷಗಳ ಮಳೆಯು ಅದರೊಳಗಿನ ಸಿಲಿಕವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ಗಳನ್ನು ಉಳಿಸಿದಾಗ ಮುರಕಲ್ಲಾಗುತ್ತದೆ. ಅದಕ್ಕೆ ‘ಲ್ಯಾಟರೈಟ್’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು. 1800–1801ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಅವರು ಫರಂಗಿಪೇಟೆಗೂ ಬಂದಿದ್ದರು. ಅರ್ಕುಳವೆಂದೂ ಕರೆಯಲ್ಪಡುವ ಇದು ಹಿಂದೆ ದೊಡ್ಡ ಪಟ್ಟಣವಾಗಿತ್ತೆಂದು ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಹೋದಲ್ಲೆಲ್ಲ ಕಲ್ಲು, ಮಣ್ಣು, ಬೆಳೆ, ಬೆಲೆಗಳನ್ನು ವಿಚಾರಿಸುವುದೇ ಆ ಮನುಷ್ಯನ ಕೆಲಸವಾಗಿತ್ತು. ನಮ್ಮ ಮನೆಯ ಗೋಡೆಯ ಕಲ್ಲನ್ನು ನಾವು ಮೊದಲ ಸಲ ಸರಿಯಾಗಿ ನೋಡಿದ್ದು ಲಾಲ್‌ಬಾಗಿನಲ್ಲಿ, ಮುನ್ನೂರೈವತ್ತು ಕಿಲೋಮೀಟರ್ ದೂರದಿಂದ ಎಂದರೆ ನಗೆಯಾಡುವವರು ನಗಲಿ.

ವಿದ್ಯಾರ್ಥಿಗಳೇ, ಮುಂದಿನ ಸಲ ನಿಮ್ಮ ಪ್ರವಾಸಕ್ಕೆ ಹಣ ಕೇಳುವಾಗ, ಹೆತ್ತವರಿಗೆ ನೋಡಬೇಕೆನಿಸಿದ ಊರು ಯಾವುದೆಂದು ಒಮ್ಮೆ ಕೇಳಿ. ಅವರು ಕೂಡಲೆ ಉತ್ತರಿಸಲಾರರು. ಆ ಪ್ರಶ್ನೆಯನ್ನು ಯಾರೂ ಕೇಳದೆ ಬಹಳ ಕಾಲವಾಗಿರುತ್ತದೆ. ಒಂದೆರಡು ದಿನ ಬಿಟ್ಟು ಮತ್ತೆ ಕೇಳಿ. ಆ ಎರಡು ದಿನಗಳ ಅಡುಗೆಯನ್ನು ನೀವೇ ಮಾಡಿಕೊಳ್ಳಬೇಕಾದೀತು. ನಮ್ಮ ಮನೆಯಲ್ಲಿ ಎರಡೂ ದಿನ ಮೊಟ್ಟೆಯ ಸಾರು ಆಗಿತ್ತಂತೆ, ಯಾರೂ ಸೊರಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಮನೆಗೆ ಬಂದವರೇ ಒಲೆಯ ಮೇಲೆ ನೀರಿಟ್ಟು ಉಷ್ಣಮಾಪಕವನ್ನು ಇಳಿಬಿಟ್ಟೆವು. ಕಾಲೇಜಿಗೆ ಹೊತ್ತಾಗುತ್ತಿದ್ದ ಮಗಳು ಚೀಲವನ್ನು ಹೆಗಲಿನಿಂದ ಇಳಿಸದೆಯೇ ಬಗ್ಗಿ ನೋಡಿದಳು. ನೂರಕ್ಕೆ ಕೂದಲೆಳೆಯಷ್ಟು ಕಡಮೆ. “ಹಾಗಾದರೆ ಮೈಸೂರಿನಲ್ಲಿ ಎಷ್ಟು?” ಎಂದಳು. ಬರುವ ಬೇಸಗೆಯಲ್ಲಿ ಉಷ್ಣಮಾಪಕವನ್ನು ಮೈಸೂರಿಗೆ ಒಯ್ಯುವ ಕೆಲಸವು ಅವಳ ತಂದೆಗೆ ಬಿದ್ದಿದೆ. ಅವರು ಒಬ್ಬರೇ ಹೋಗಿ ಎಂತ ಮಾಡುವುದೆಂದು ಈ ಸಲ ಯಾರೂ ಕೇಳಲಿಲ್ಲ.