ಮೂರು ವರ್ಷದ ಮಗುವಿಗಾಗಿ ಮನೆ ಬಿಡಬೇಕೇ?



ಈ ಪತ್ರಿಕೆಯಲ್ಲಿ ಕೊಳೆರೋಗ, ಗೊಬ್ಬರ, ಧಾರಣೆ ಮುಂತಾದ ವಿಷಯಗಳನ್ನು ಓದಿ ಅಭ್ಯಾಸವಾದ ತಮಗೆ ಚಿಕ್ಕ ಮಕ್ಕಳ ವಿದ್ಯಾಭ್ಯಾಸದ ಮಾತು ಸ್ವಲ್ಪ ಹೊರಗಿನದೆಂದು ತೋರಬಹುದು. ನನ್ನ ಅಭಿಪ್ರಾಯದಲ್ಲಿ ಇದೂ ತೋಟದ ವಿಷಯವೇ. ನಮ್ಮ ಭಾಗದ ಮನೆಗಳು ಹೇಗೆ ಖಾಲಿಯಾಗುತ್ತಿವೆ ಎಂಬುದನ್ನು ಗಮನಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವಿಗೆ ಮೂರು ವರ್ಷ ತುಂಬುವುದೇ ತಡ, ಎಲ್.ಕೆ.ಜಿ. ಸೀಟಿನ ಗಡಿಬಿಡಿ ಆರಂಭವಾಗುತ್ತದೆ. ಪೇಟೆಯಲ್ಲಿ ಒಂದು ಬಾಡಿಗೆ ಮನೆ ಹಿಡಿಯುತ್ತಾರೆ. ತಾಯಿ ಮಗು ಅಲ್ಲಿ, ತಂದೆ ತೋಟದಲ್ಲಿ, ಅಜ್ಜ ಅಜ್ಜಿ ದೊಡ್ಡ ಮನೆಯಲ್ಲಿ ಇಬ್ಬರೇ. ವಾರಕ್ಕೊಮ್ಮೆ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಹೊತ್ತುಕೊಂಡು ತಂದೆಯ ಓಡಾಟ. ಹೀಗೆ ಹೊರಟ ಸಂಸಾರ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಎಂದು ಅಲ್ಲಿಯೇ ನೆಲೆಯೂರುತ್ತದೆ. ಹದಿನೈದು ವರ್ಷಗಳ ಬಳಿಕ ಆ ಮಗುವಿಗೆ ತೋಟ ರಜೆಯಲ್ಲಿ ಬಂದು ನೋಡುವ ಜಾಗವಾಗಿರುತ್ತದೆ.

ದೊಡ್ಡ ಮಕ್ಕಳ ಓದಿಗಾಗಿ ದೂರ ಹೋಗಬೇಕಾದೀತು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಮೂರು, ನಾಲ್ಕು, ಐದು ವರ್ಷದ ಮಗುವಿಗಾಗಿ ಮನೆ ಬಿಡುವ ಅವಶ್ಯಕತೆ ಇದೆಯೇ? ಆರು ವರ್ಷದವರೆಗೆ ಆ ಮಗುವನ್ನು ಮನೆಯಲ್ಲಿಯೇ ಶಾಲೆಗೆ ಸಿದ್ಧಗೊಳಿಸಲು ಸಾಧ್ಯವಿಲ್ಲವೇ? ಸಾಧ್ಯವಿದೆ, ಆದರೆ ತಾನಾಗಿ ಆಗುವುದಿಲ್ಲ ಎಂಬುದು ನನ್ನ ಅನುಭವ.

ನಮ್ಮ ಮನೆಯ ಎರಡು ಪಾಠ

ನಮ್ಮ ಮೊದಲ ಮೊಮ್ಮಗನನ್ನು ಮೂರೂವರೆ ವರ್ಷಕ್ಕೆ ಹದಿನಾಲ್ಕು ಕಿಲೋಮೀಟರ್ ದೂರದ ಪೇಟೆಯ ಶಾಲೆಗೆ ಹಾಕಿದೆವು. ಬೆಳಿಗ್ಗೆ ಏಳೂವರೆಗೆ ಗಾಡಿ. ಅರ್ಧ ನಿದ್ದೆಯಲ್ಲಿ ಹೋಗುವುದು, ಪೂರ್ತಿ ನಿದ್ದೆಯಲ್ಲಿ ಬರುವುದು. ಆಷಾಢದ ಮಳೆಯಲ್ಲಿ ಒಂದು ರಾತ್ರಿ ಅವನು ನನ್ನ ಹಾಸಿಗೆಗೆ ಬಂದು, "ಅಜ್ಜಾ, ನಾಳೆ ಗಾಡಿ ಕೆಟ್ಟು ಹೋಗಲಿ ಅಂತ ದೇವರ ಹತ್ರ ಹೇಳ್ತೀಯಾ?" ಎಂದು ಕೇಳಿದ. ಆ ಮಾತು ಇಂದಿಗೂ ಮರೆತಿಲ್ಲ.

ಎರಡನೆಯವಳನ್ನು ಮನೆಯಲ್ಲಿಯೇ ಉಳಿಸಿಕೊಂಡೆವು. ಅಲ್ಲಿಯೂ ಮೊದಲು ತಪ್ಪಿದೆವು. ಸ್ಲೇಟು ಬಳಪ ಕೊಟ್ಟು, ನಾನೇ ಮೇಷ್ಟ್ರಾಗಿ, ದಿನವೂ ಒಂದು ಗಂಟೆ ಅ ಆ ಇ ಈ ತಿದ್ದಿಸತೊಡಗಿದೆ. ತಿಂಗಳೊಳಗೆ ಸ್ಲೇಟು ಕಾಣೆಯಾಯಿತು. ಮೆಣಸು ಒಣಗಿಸುವ ಕಾಲಕ್ಕೆ ಗೋಣಿಚೀಲಗಳ ಅಡಿಯಲ್ಲಿ ಸಿಕ್ಕಿತು. ಗಾಡಿ ಹತ್ತಿಸದೆಯೇ ಮಗುವಿಗೆ ಶಾಲೆಯ ಭಯ ಹುಟ್ಟಿಸಿದ್ದೆ ಎಂಬುದು ಆಗ ತಿಳಿಯಿತು. ಪೇಟೆಯ ಶಾಲೆಯನ್ನು ಜಗಲಿಗೆ ತಂದು ಕೂರಿಸುವುದು ಮನೆಪಾಠವಲ್ಲ.

ಕಾಯಿದೆ ಏನು ಹೇಳುತ್ತದೆ?

ಅನೇಕರಿಗೆ ಒಂದು ಭಯವಿದೆ. ಎಲ್.ಕೆ.ಜಿ., ಯು.ಕೆ.ಜಿ. ಆಗದಿದ್ದರೆ ಒಂದನೇ ತರಗತಿಗೆ ಸೇರಿಸಿಕೊಳ್ಳುವುದಿಲ್ಲ ಎಂದು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಆರು ವರ್ಷಕ್ಕೆ ಮುಂಚೆ ಶಾಲೆಗೆ ಕಳುಹಿಸಲೇಬೇಕೆಂಬ ಕಡ್ಡಾಯ ಅದರಲ್ಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಆಟ, ಕಥೆ, ಕೈಕೆಲಸಗಳ ಮೂಲಕವೇ ಕಲಿಸಬೇಕೆಂದೂ, ಸಾಧ್ಯವಿದ್ದಲ್ಲಿ ಮನೆಮಾತಿನಲ್ಲಿ ಕಲಿಸಬೇಕೆಂದೂ ಹೇಳಿದೆ. ನಮ್ಮ ರಾಜ್ಯದಲ್ಲಿ ಜೂನ್ 1ಕ್ಕೆ ಆರು ವರ್ಷ ತುಂಬಿದ ಮಗುವನ್ನು ಒಂದನೇ ತರಗತಿಗೆ ಸೇರಿಸಬೇಕೆಂಬ ಆದೇಶ 2022ರಲ್ಲಿ ಹೊರಟಿತು. 2025-26ನೇ ಸಾಲಿಗೆ ಕೆಲವು ತಿಂಗಳ ಸಡಿಲಿಕೆಯನ್ನೂ ಕೊಡಲಾಗಿತ್ತು. ಆದುದರಿಂದ ಆಯಾ ವರ್ಷದ ನಿಯಮವನ್ನು ಊರಿನ ಶಾಲೆಯಲ್ಲಿ ಮುಂಚಿತವಾಗಿ ವಿಚಾರಿಸುವುದು ಒಳ್ಳೆಯದು. ಮುಖ್ಯ ಮಾತೇನೆಂದರೆ, ನಮಗೆ ಮೂರು ವರ್ಷದ ಕಾಲಾವಕಾಶ ಇದೆ.

ಕಿಂಡರ್‌ಗಾರ್ಟನ್ ಎಂಬ ಹೆಸರನ್ನೇ ನೋಡಿ. ಜರ್ಮನಿಯ ಫ್ರೋಬೆಲ್ ಎಂಬಾತ 1837ರಲ್ಲಿ ಚಿಕ್ಕ ಮಕ್ಕಳ ಶಾಲೆ ಆರಂಭಿಸಿ, 1840ರಲ್ಲಿ ಅದಕ್ಕೆ ಈ ಹೆಸರಿಟ್ಟ. ಅದರ ಅರ್ಥ ಮಕ್ಕಳ ತೋಟ. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದು, ಬೆತ್ತವಿಲ್ಲದೆ ಕಥೆ ಮತ್ತು ಆಟದಿಂದ ಕಲಿಸಿ ತೋರಿಸಿದರು. ಅಡಿಕೆ ಸೀಮೆಯಾದ ನಮ್ಮ ಪುತ್ತೂರಿನಲ್ಲಿಯೇ ಡಾ. ಶಿವರಾಮ ಕಾರಂತರು ಬಾಲವನ ಕಟ್ಟಿ ಮಕ್ಕಳಿಗಾಗಿ ಪ್ರಯೋಗಗಳನ್ನು ನಡೆಸಿದರು. ಪೇಟೆಯವರು ಶುಲ್ಕ ಕೊಟ್ಟು ಹುಡುಕುವ ಮಕ್ಕಳ ತೋಟ ನಮ್ಮ ಮನೆಯ ಮೆಟ್ಟಿಲ ಕೆಳಗಿದೆ.

ಏನು ಕಲಿಸಬೇಕು?

ಆರು ವರ್ಷಕ್ಕೆ ಶಾಲೆಗೆ ಕಾಲಿಡುವ ಮಗುವಿಗೆ ಅಕ್ಷರಕ್ಕಿಂತ ಮೊದಲು ಬೇಕಾದವು ಕೆಲವಿವೆ. ತಾನೇ ಉಣ್ಣುವುದು, ತಾನೇ ಕಕ್ಕಸಿಗೆ ಹೋಗಿ ತೊಳೆದುಕೊಳ್ಳುವುದು, ಗುಂಡಿ ಹಾಕಿಕೊಳ್ಳುವುದು, ಹೇಳಿದ್ದನ್ನು ಕೊನೆಯವರೆಗೆ ಕೇಳುವುದು, ತನ್ನ ಸರದಿಗೆ ಕಾಯುವುದು, ತಾಯಿಯನ್ನು ಬಿಟ್ಟು ಮೂರು ನಾಲ್ಕು ಗಂಟೆ ಇರುವುದು. ಇವಿಷ್ಟು ಬಂದ ಮಗುವಿಗೆ ಅಕ್ಷರ ಕಲಿಸುವುದು ಮೇಷ್ಟ್ರಿಗೆ ಕಷ್ಟವಲ್ಲ.

ಎರಡನೆಯದು ಮಾತು. ನಮ್ಮ ಮನೆಗಳಲ್ಲಿ ಹವ್ಯಕ ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಕೊಂಕಣಿ, ಬ್ಯಾರಿ ಹೀಗೆ ನಾನಾ ಮನೆಮಾತುಗಳಿವೆ. ಮಗುವಿನೊಡನೆ ಇಂಗ್ಲಿಷಿನ ನಾಲ್ಕು ತುಂಡು ಪದ ಆಡುವುದಕ್ಕಿಂತ ಮನೆಮಾತಿನಲ್ಲಿ ತುಂಬು ವಾಕ್ಯಗಳನ್ನು ಆಡಿ. ರಾತ್ರಿ ಒಂದು ಕಥೆ ಹೇಳಿ, ಮರುದಿನ ಅದನ್ನು ಮಗುವಿನಿಂದ ಹೇಳಿಸಿ. ಶಾಲೆಯ ಕನ್ನಡ ಮನೆಮಾತಿಗಿಂತ ಬೇರೆಯಾಗಿದ್ದರೆ, ಐದನೇ ವರ್ಷದಿಂದ ಒಂದೊಂದು ಕಥೆಯನ್ನು ಆ ಕನ್ನಡದಲ್ಲಿಯೂ ಹೇಳುತ್ತಾ ಬನ್ನಿ.

ಮೂರನೆಯದು ಕೈಯ ಹದ. ಬರೆಯುವ ಮುನ್ನ ಬೆರಳು ಬಲಿಯಬೇಕು. ಅವರೆಕಾಯಿ ಸುಲಿಯಲಿ, ಅಕ್ಕಿಯಲ್ಲಿ ಕಲ್ಲು ಆರಿಸಲಿ, ರೊಟ್ಟಿ ಹಿಟ್ಟು ನಾದಲಿ, ಹೂ ಪೋಣಿಸಲಿ. ನಮ್ಮ ಹಿರಿಯರು ವಿಜಯದಶಮಿಯಂದು ಅಕ್ಕಿಯ ಮೇಲೆ ಬೆರಳಿನಿಂದ ಬರೆಸುತ್ತಿದ್ದುದರಲ್ಲಿ ಒಂದು ಜಾಣತನವಿದೆ. ತಪ್ಪಾದರೆ ಕೈ ಸವರಿದರಾಯಿತು, ಮತ್ತೆ ಬರೆಯಬಹುದು.

ಅಕ್ಷರ ಐದನೇ ವರ್ಷಕ್ಕೆ ಸಾಕು. ಅದನ್ನೂ ಅ ಆ ಇ ಈ ಎಂಬ ಸಾಲಿನಿಂದ ಆರಂಭಿಸಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಬಳಿಕ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಬರೆಯಲು ಸುಲಭವಾದ ರ, ಗ, ಸ, ದ, ಅ ಮೊದಲು ಬರುತ್ತವೆ. ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ ಎಂದು ಮಗು ಓದಿಬಿಡುತ್ತದೆ. ಮೊದಲ ವಾರದಲ್ಲಿಯೇ ಓದಿದ ಸಂತೋಷ ಸಿಕ್ಕಿದರೆ ಸ್ಲೇಟು ಗೋಣಿಯಡಿ ಸೇರುವುದಿಲ್ಲ.

ಲೆಕ್ಕಕ್ಕೆ ನಮ್ಮಲ್ಲಿ ಬರಗಾಲವಿಲ್ಲ. ಕೊಯ್ದ ಕಾಫಿಯಲ್ಲಿ ಒಂದು ಹಿಡಿ ಕೊಟ್ಟು ಕೆಂಪು, ಹಸಿರು, ಕಪ್ಪು ಎಂದು ಮೂರು ಗುಂಪು ಮಾಡಿಸಿ. ಹಣ್ಣು ಹಿಸುಕಿ ಬೀಜ ಎಣಿಸಲಿ. ಎರಡೆರಡು ಬರುವಲ್ಲಿ ಒಂದು ಪೀಬೆರಿ ಸಿಕ್ಕಿದರೆ ಮಗುವಿಗೆ ಅದೊಂದು ಹಬ್ಬ. ಅಂಗಳದಲ್ಲಿ ಅಡಿಕೆಯನ್ನು ಐದೈದರ ಸಾಲು ಇಡಲಿ. ಮಳೆಗಾಲಕ್ಕೆ ಚೆನ್ನೆಮಣೆ ಇದ್ದೇ ಇದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಹಂಚುವುದು, ಕೂಡುವುದು, ಕಳೆಯುವುದು, ಸೋಲುವುದು ಎಲ್ಲವನ್ನೂ ಅದು ಕಲಿಸುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ದಿನದಿಂದ ಮಗು ದಿನಕ್ಕೊಂದು ಹುಣಸೆಬೀಜವನ್ನು ಡಬ್ಬಿಗೆ ಹಾಕಲಿ. ಎಂಟು ಹತ್ತು ಬೀಜ ಆಗುವಷ್ಟರಲ್ಲಿ ತೋಟ ಬೆಳ್ಳಗಾಗುತ್ತದೆ. ದಿನ ಎಂದರೇನು, ಕಾಯುವುದೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಕೂತು ಮಾಡುವ ಪಾಠ ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಸಾಕು. ಉಳಿದದ್ದು ಕೆಲಸದ ಜೊತೆಯ ಮಾತು.

ಎಚ್ಚರಿಕೆಯ ಮಾತುಗಳು

ತೋಟ ಪಾಠಶಾಲೆ ಹೌದು, ಅಪಾಯದ ಜಾಗವೂ ಹೌದು. ಬಾವಿ, ಕೆರೆ, ಮೆಟ್ಟುಗತ್ತಿ, ಮೋಟಾರಿನ ವಯರುಗಳ ಹತ್ತಿರ ಮಗು ಒಂಟಿಯಾಗಿ ಇರಕೂಡದು. ಮೈಲುತುತ್ತ, ಔಷಧಿ ಡಬ್ಬಿಗಳು ಬೀಗದೊಳಗಿರಲಿ. ಸಿಂಪಡಣೆಯ ದಿನ ಮಗು ಮನೆಯೊಳಗಿರಲಿ. ಎಣಿಸಲು ಗುಲಗಂಜಿ ಚೆಂದ ಕಂಡರೂ ಕೊಡಬೇಡಿ. ಅದರ ಬೀಜ ಜಗಿದರೆ ಪ್ರಾಣಕ್ಕೇ ಅಪಾಯ. ಮೂರು ವರ್ಷದೊಳಗಿನ ಕೂಸು ಪಕ್ಕದಲ್ಲಿದ್ದರೆ ಯಾವ ಬೀಜವೂ ಬೇಡ, ಗಂಟಲಿಗೆ ಸಿಕ್ಕೀತು. ಅಡಿಕೆ ಎಣಿಸಲು ಮಾತ್ರ, ಬಾಯಿಗೆ ಹಾಕಲು ಅಲ್ಲ ಎಂಬ ಅಭ್ಯಾಸವನ್ನು ಬೆಳೆಗಾರರ ಮನೆಯಲ್ಲಿಯೇ ಮೊದಲು ಮಾಡಿಸಬೇಕು.

ಕೊಯ್ಲಿನ ಅವಸರದಲ್ಲಿ ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂರಿಸುವುದು ಈಗ ಎಲ್ಲ ಮನೆಗಳ ಪದ್ಧತಿಯಾಗಿದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಮುಂದೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಮೊಬೈಲ್ ಕೊಟ್ಟು ಮನೆಯಲ್ಲಿ ಉಳಿಸಿಕೊಳ್ಳುವುದಾದರೆ ಶಾಲೆಯ ಗಾಡಿಯೇ ವಾಸಿ.

ಇನ್ನೊಂದು ಮಾತು. ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸಿ ಆಡದ ಮಗುವನ್ನು, ಕರೆದರೆ ತಿರುಗಿ ನೋಡದ ಮಗುವನ್ನು "ನಿಧಾನಕ್ಕೆ ಸರಿಹೋಗುತ್ತೆ" ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕೂಡಲೇ ವೈದ್ಯರಿಗೆ ತೋರಿಸಿ.

ಇದಕ್ಕೆ ಆಕ್ಷೇಪಣೆಗಳು

ಮನೆಯಲ್ಲಿ ಕಲಿಸುವುದೆಂದರೆ ಸೊಸೆಯಂದಿರ ತಲೆಗೆ ಇನ್ನೊಂದು ಹೊರೆ ಎಂದು ಕೆಲವರು ಹೇಳುವರು. ಅದು ನ್ಯಾಯವಾದ ಮಾತು. ಅಡಿಗೆ, ಕೊಟ್ಟಿಗೆ, ಆಳುಗಳ ಕಾಫಿ ತಿಂಡಿ ಎಲ್ಲವೂ ಮುಗಿದ ಮೇಲೆ ಪಾಠವನ್ನೂ ಅವಳೇ ಮಾಡಲಿ ಎಂದರೆ, ಅವಳು ಪೇಟೆಯ ಬಾಡಿಗೆ ಮನೆಯನ್ನೇ ಬಯಸುವಳು. ಕೆಲವು ಮನೆಗಳಲ್ಲಿ ಎಲ್.ಕೆ.ಜಿ. ಒಂದು ನೆಪ ಮಾತ್ರ. ಆ ಹೆಣ್ಣುಮಗಳಿಗೆ ಈ ಮನೆಯಲ್ಲಿ ಉಸಿರಾಡಲು ಪುರುಸೊತ್ತಿಲ್ಲದಿರುವುದೇ ನಿಜವಾದ ಕಾರಣ. ಆದುದರಿಂದ ಗಂಡಸರು ತಮ್ಮ ಪಾಲು ಮಾಡಬೇಕು. ನಮ್ಮ ಮನೆಯಲ್ಲಿ ಸ್ಲೇಟಿನ ಪ್ರಕರಣದ ಬಳಿಕ ಬೆಳಗಿನ ಕಥೆ ನನ್ನದು, ಚೆನ್ನೆಮಣೆ ನನ್ನ ಹೆಂಡತಿಯದು, ಸಂಜೆಯ ತೋಟದ ಸುತ್ತು ಮಗನದು ಎಂದು ಹಂಚಿಕೊಂಡೆವು. ಸೊಸೆ ಆ ಹೊತ್ತಿನಲ್ಲಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು, ಒಮ್ಮೊಮ್ಮೆ ಸುಮ್ಮನೆ ಮಲಗುತ್ತಿದ್ದಳು. ಅದೂ ಬೇಕು.

ಎರಡನೆಯ ಆಕ್ಷೇಪಣೆ ಒಂಟಿತನ. ಒಂದು ಮನೆಗೂ ಇನ್ನೊಂದಕ್ಕೂ ಅರ್ಧ ಮೈಲಿ ಇರುವ ನಮ್ಮಲ್ಲಿ ಮಗುವಿಗೆ ಜೊತೆಗಾರರಿಲ್ಲ. ಸರದಿ ಕಾಯುವುದನ್ನು ಒಂಟಿ ಮಗು ಯಾರ ಜೊತೆ ಕಲಿಯಬೇಕು? ಇದಕ್ಕೆ ಮೊದಲ ಉತ್ತರ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯಿಂದ ಬಂದದ್ದು ಅದು. ನಮ್ಮಲ್ಲಿ ಅನೇಕರು ಅದನ್ನು ಬಡವರ ಮಕ್ಕಳ ಜಾಗವೆಂದು ದೂರವಿಟ್ಟಿದ್ದಾರೆ. ಹತ್ತಿರವಿದ್ದರೆ ಕಳುಹಿಸಿ. ನಾಲ್ಕು ಮನೆಯವರು ಕಳುಹಿಸಿ ಕೇಳುವವರಾದರೆ ಅದು ತಾನಾಗಿ ಸುಧಾರಿಸುತ್ತದೆ.

ಎರಡನೆಯ ಉತ್ತರ ನಮ್ಮ ಲೈನ್ ಮನೆಗಳಲ್ಲಿದೆ. ಕೊಯ್ಲಿನ ಕಾಲಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೆಲಸಗಾರರ ಮಕ್ಕಳು ಕಾಫಿ ಕಣದ ಸುತ್ತ ಅಲೆದಾಡುವುದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಮಗುವಿಗೆ ಜೊತೆ ಬೇಕು, ಆ ಮಕ್ಕಳಿಗೆ ನೆರಳೂ ನಿಗಾವೂ ಬೇಕು. ಅದೇ ಚೆನ್ನೆಮಣೆ, ಅದೇ ಹುಣಸೆಬೀಜ. ನಮ್ಮ ಮೊಮ್ಮಗಳು ಅಂತಹ ಇಬ್ಬರು ಮಕ್ಕಳ ಜೊತೆ ಒಂದು ಕೊಯ್ಲಿನ ಕಾಲ ಕಳೆದಳು. ಮಾರ್ಚ್‌ನಲ್ಲಿ ಅವರು ಹೊರಟ ದಿನ ಆ ಮಕ್ಕಳು ಕನ್ನಡದಲ್ಲಿ ಇಪ್ಪತ್ತರವರೆಗೆ ಎಣಿಸುತ್ತಿದ್ದರು. ಇವಳು ಅವರ ಭಾಷೆಯ ಹತ್ತು ಮಾತು ಕಲಿತಿದ್ದಳು, ಎರಡು ದಿನ ಅತ್ತಳು.

ಒಂದು ಸಲಹೆ

ನಮ್ಮ ಸಂಘದ ಗೋದಾಮಿನ ಮುಂದಿನ ಜಗಲಿ ವಾರದ ಬಹುಪಾಲು ದಿನ ಖಾಲಿ ಇರುತ್ತದೆ. ಸಂತೆಯ ದಿನ ಹೇಗೂ ನಾವೆಲ್ಲ ಬರುತ್ತೇವೆ. ಆ ದಿನ ಬೆಳಿಗ್ಗೆ ಎರಡು ಗಂಟೆ, ಸದಸ್ಯರ ಹಾಗೂ ಕೆಲಸಗಾರರ ಮೂರರಿಂದ ಆರು ವರ್ಷದ ಮಕ್ಕಳು ಅಲ್ಲಿ ಕೂಡಿ ಆಡಲಿ. ಸರದಿಯಂತೆ ಇಬ್ಬರು ಹಿರಿಯರು ನೋಡಿಕೊಳ್ಳಲಿ. ಎರಡು ಚಾಪೆ, ಎರಡು ಚೆನ್ನೆಮಣೆ, ಒಂದಷ್ಟು ಚಿತ್ರದ ಪುಸ್ತಕ ಸಾಕು. ಖರ್ಚು ಒಂದು ಮೂಟೆ ಗೊಬ್ಬರದಷ್ಟೂ ಆಗದು. ಮುಂದಿನ ಸಾಮಾನ್ಯ ಸಭೆಯಲ್ಲಿ ಇದನ್ನು ಚರ್ಚಿಸಬೇಕೆಂದು ಆಡಳಿತ ಮಂಡಳಿಯನ್ನು ವಿನಂತಿಸುತ್ತೇನೆ.

ಆರು ತುಂಬಿದ ಮೇಲೆ ಮಗುವನ್ನು ತಪ್ಪದೆ ಶಾಲೆಗೆ ಸೇರಿಸಿ. ಸಾಧ್ಯವಿದ್ದರೆ ಊರಿನ ಶಾಲೆಗೇ ಸೇರಿಸಿ. ಮಕ್ಕಳ ಸಂಖ್ಯೆ ಸಾಲದೆ ಅದು ಮುಚ್ಚಿದರೆ ಮುಂದೆ ಯಾರಿಗೂ ಆಯ್ಕೆ ಉಳಿಯುವುದಿಲ್ಲ. ಆ ಮುಂಚಿನ ಮೂರು ವರ್ಷ ಮಾತ್ರ ಮನೆಯದಾಗಿರಲಿ. ಅಡಿಕೆ ಸಸಿಯನ್ನೂ ನಾವು ಮೊಳಕೆಯೊಡೆದ ಕೂಡಲೇ ತೋಟಕ್ಕೆ ನೆಡುವುದಿಲ್ಲ. ಮಡಿಯಲ್ಲಿ ನೆರಳು ಕೊಟ್ಟು, ನೀರು ಹಾಕಿ, ಬೇರು ಬಲಿಯುವವರೆಗೆ ಕಾಯುತ್ತೇವೆ. ಮಕ್ಕಳ ವಿಷಯದಲ್ಲಿಯೂ ಅಷ್ಟು ತಾಳ್ಮೆ ನಮಗಿರಲಿ.

— ಒಬ್ಬ ಸದಸ್ಯ