ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ರಜೆಯಲ್ಲಿ ಮಕ್ಕಳು ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳಿಂದ ಹೂಗಿಡಕ್ಕೊಂದು ತೊಟ್ಟಿ ಮಾಡುವುದು ಒಳ್ಳೆಯ ಹವ್ಯಾಸ. ಹಲಗೆ ಕೊಯ್ದದ್ದಾಯಿತು, ಇನ್ನು ಸಿಬಿರು ಏಳದಂತೆ ಉಜ್ಜಿ ನುಣುಪು ಮಾಡಬೇಕು. ಆಗ ಮಗನೋ ಮಗಳೋ 'ಉಜ್ಜುವ ಮೆಷಿನ್ ಕೊಡಿಸಿ' ಎಂದು ಹಠ ಹಿಡಿದರೆ? ಪೋಷಕರೇ, ಸ್ವಲ್ಪ ತಡೆಯಿರಿ.

ಈ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಬೆಲ್ಟ್ ಸ್ಯಾಂಡರ್ ಬಾಗಿಲು, ಮೇಜಿನಂಥ ದೊಡ್ಡ ಕೆಲಸಕ್ಕೆ. ಕೈ ಒಂದು ಕ್ಷಣ ಒಂದೇ ಕಡೆ ನಿಂತರೂ ಮೆದು ಹಲಗೆಯಲ್ಲಿ ಹಳ್ಳ ಬೀಳುತ್ತದೆ. ಆರ್ಬಿಟಲ್ ಸ್ಯಾಂಡರ್ ಅಷ್ಟು ಒರಟಲ್ಲ. ಆದರೆ ಅದರ ದುಂಡು ತಟ್ಟೆ ಒಳಮೂಲೆಗಳಿಗೆ ಹೋಗದು. ಹತ್ತಾರು ತೊಟ್ಟಿ ಮಾಡುವವರಿಗೆ ಅದು ಸರಿ. ಒಂದೇ ತೊಟ್ಟಿಗಾದರೆ ಬಡಗಿಗಳು ಉಪ್ಪು ಕಾಗದ ಎನ್ನುವ ಸ್ಯಾಂಡ್‌ಪೇಪರ್ ಸಾಕು.

ಕಾಗದದ ಹಿಂಬದಿಯ ಸಂಖ್ಯೆ ನೋಡಿ ಕೊಳ್ಳಿ. ಸಂಖ್ಯೆ ಚಿಕ್ಕದಾದಷ್ಟೂ ಕಾಗದ ಒರಟು. ಮೊದಲು 80, ಆಮೇಲೆ 120. ಹೊರಗಿಡುವ ತೊಟ್ಟಿಗೆ ಇಷ್ಟು ನುಣುಪು ಧಾರಾಳ. ಅತಿಯಾಗಿ ಉಜ್ಜಿದರೆ ಮರ ಎಣ್ಣೆಯನ್ನು ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ಮುಷ್ಟಿಗೆ ಹಿಡಿಯುವ ಮರದ ತುಂಡಿಗೆ ಕಾಗದ ಸುತ್ತಿ, ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಿ. ಬರೀ ಬೆರಳಲ್ಲಿ ಒತ್ತಿದರೆ ತಗ್ಗುದಿಣ್ಣೆಯಾಗುತ್ತದೆ. ನೀರು ಬಸಿಯುವ ತೂತಿಗೆ ಪೆನ್ಸಿಲ್ ಮೇಲೆ ಕಾಗದ ಸುತ್ತಿಕೊಳ್ಳಿ. ಮೊಳೆ ಹೊಡೆಯುವ ಮೊದಲೇ ಉಜ್ಜಿದರೆ ಕೆಲಸ ಸುಲಭ. ಮಣ್ಣು ತುಂಬುವ ಒಳಮೈಯನ್ನು ನುಣುಪು ಮಾಡಬೇಕಿಲ್ಲ. ಅಂಚುಗಳನ್ನು ಮಾತ್ರ ದುಂಡಗೆ ಮಾಡಿ.

ಉಳಿದ ಹಣದಲ್ಲಿ ಮೊದಲು ಒಂದು ಎನ್-95 ಮುಖಗವಸು ಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಪ್ರಕಟಿಸಿದ ವರದಿ, ಮರದ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅದು ವರ್ಷಗಟ್ಟಲೆ ಹುಡಿಯಲ್ಲಿ ದುಡಿಯುವವರ ವಿಚಾರ. ಒಂದು ತೊಟ್ಟಿಗೆ ಗಾಬರಿ ಬೇಡ. ಆದರೂ ಬಯಲಲ್ಲಿ ಕುಳಿತು ಉಜ್ಜುವುದು ಒಳ್ಳೆಯದು.

ನಿಜವಾದ ಅಪಾಯ ಬೇರೆಯಿದೆ. ಹಳೆ ಕಿಟಕಿ, ಬಾಗಿಲಿನ ಬಣ್ಣ ಬಳಿದ ಹಲಗೆ ಪುಕ್ಕಟೆ ಸಿಕ್ಕರೂ ಮಕ್ಕಳ ಕೈಗೆ ಕೊಡಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟು ಸೀಸವಿದೆಯೆಂದು ನೋಡಿ ಹೇಳಲಾಗದು. ಉಜ್ಜಿದಾಗ ಅದು ಹುಡಿಯಾಗಿ ಉಸಿರಿಗೂ ಊಟಕ್ಕೂ ಸೇರುತ್ತದೆ; ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಮೆಷಿನ್ ಹಿಡಿದರಂತೂ ಹುಡಿ ಮನೆಯೆಲ್ಲಾ ಹರಡುತ್ತದೆ. ಬಣ್ಣ ಕಾಣದ ಹಲಗೆಯನ್ನೇ ಆರಿಸಿ.

ಕೆಲಸ ಮುಗಿದ ಮೇಲೆ ಹಳೆಯ ನೈಲಾನ್ ಕಾಲುಚೀಲವನ್ನು ಕೈಗೆ ತೊಟ್ಟು ಹಲಗೆಯ ಮೇಲೆ ಸವರಿ. ಎಳೆ ಸಿಕ್ಕಿಕೊಂಡ ಕಡೆ ಸಿಬಿರು ಉಳಿದಿದೆ ಎಂದರ್ಥ. ಅಲ್ಲಿ ಇನ್ನೊಮ್ಮೆ ಉಜ್ಜಿದರಾಯಿತು.